ಇನ್‌ವೆಸ್ಟ್ ಸಾಫ್ಟ್‌ವೇರ್ ರಿವ್ಯೂ: ಪುಕ್ಕಟ ಅದ, ಆದ್ರ ನೀವ್ ಹೇಳಿದ್ದೇ ತಿರುಗಿ ಹೇಳ್ತದ

ಹೆಸರು ನೋಡಿ ಶೇರು, ಮ್ಯೂಚುವಲ್ ಫಂಡ್ ಅಂತ ತಿಳ್ಕೋಬ್ಯಾಡ್ರಿ. ಇದು ಅಮೆರಿಕಾದ ಸ್ಟ್ಯಾನ್‌ಫರ್ಡ್‌ನಾಗಿನ ನ್ಯಾಚುರಲ್ ಕ್ಯಾಪಿಟಲ್ ಪ್ರಾಜೆಕ್ಟ್‌ನವ್ರು ಮಾಡಿದ ಸಾಫ್ಟ್‌ವೇರು, ಒಂದ್ ಜಾಗಾಕ್ಕ ಗಣಿನೋ ರಸ್ತಾನೋ ಫ್ಯಾಕ್ಟ್ರಿನೋ ಬಂದ್ರ ಅಲ್ಲಿ ನೀರು, ಮಣ್ಣು, ಪ್ರಾಣಿ ಪಕ್ಷಿ ಇರೋ ನೆಲಿ ಇದಕ್ಕೆಲ್ಲಾ ಏನಾಗ್ತದ ಅಂತ ನಕಾಶೆ ಮ್ಯಾಲ ಲೆಕ್ಕಾ ಹಾಕಿ ತೋರಸ್ತದ. ರೊಕ್ಕಾ ಇಲ್ಲ, ಲೈಸೆನ್ಸ್ ಕಾಟ ಇಲ್ಲ.

ನನಗ್ಯಾಕ ಬೇಕಾಯ್ತಂದ್ರ, ನಮ್ದು ಚಿತ್ತಾಪುರ ತಾಲೂಕು, ಸುಣ್ಣದಕಲ್ಲಿನ ನೆಲ, ನಮ್ ಕಡಿ ಹೊಸಾ ಗಣಿ ಅಂದ್ರ ಸುದ್ದೀನೇ ಅಲ್ಲ. ಈ ಸಲ ನಮ್ಮೂರ ಮಗ್ಗಲ್ದಾಗೇ ಒಂದು ಪ್ರಸ್ತಾವ ಬಂತು, ಸಾರ್ವಜನಿಕ ಅಹವಾಲಿನ ನೋಟಿಸೂ ಬಂತು. ಪರಿಸರದ ಮ್ಯಾಲಿನ ಪರಿಣಾಮ ನೋಡೋ ಸಲುವಾಗಿ ಕೇಂದ್ರ ಸರ್ಕಾರ ಹೊರಡಿಸಿದ 2006ರ ಅಧಿಸೂಚನೆ ಪ್ರಕಾರ 30 ದಿನ ಮೊದ್ಲು ನೋಟಿಸ್ ಕೊಡ್ಬೇಕು, ವರದಿ ಸಾರಾಂಶ ಕನ್ನಡದಾಗೂ ಇಡ್ಬೇಕು. ಇಟ್ಟಿದ್ರು, ಆದ್ರ ಆ ಕನ್ನಡ ಓದಿದ್ರ ಇಂಗ್ಲಿಷೇ ವಾಸಿ ಅನಸ್ತದ. ಸುತ್ತ 10 ಕಿಲೋಮೀಟರ್ ಸ್ಟಡಿ, ಒಂದೇ ಸೀಸನ್, ಅದೂ ಬ್ಯಾಸಗಿ, ಕಾಗಿಣಾ ನದಿ ಕಡಿ ಹೋಗೋ ಹಳ್ಳ ಎಲ್ಲಾ ಒಣಗಿ ಬಿರುಕು ಬಿಟ್ಟಾಗ ಬಂದು ನೋಡ್ಯಾರ, ಕಡೀಗಿ ಜೀವವೈವಿಧ್ಯದ ಮ್ಯಾಲ ಪರಿಣಾಮ ನಗಣ್ಯ ಅಂತ ಒಂದು ಸಾಲು. ಆ ನಗಣ್ಯ ಹೆಂಗ ಬಂತು ಅಂತ ಎಲ್ಲೂ ಇಲ್ಲ. ಎಮ್ಮೆಸ್ಸಿ ಮುಗ್ಸಿ ಮನ್ಯಾಗೇ ಕುಂತಿದ್ದೆ, ನಾನೇ ಮಾಡಿ ನೋಡೂಣು ಅಂತ ಹಚ್ಚಿದೆ.

ಇನ್‌ಸ್ಟಾಲ್ ಸಲೀಸು, ನನ್ನ 8 ಜಿಬಿ ಹಳೀ ಲ್ಯಾಪ್‌ಟಾಪ್‌ದಾಗೂ ನಡೀತು. ಆದ್ರ ಮೊದಲ್ನೇ ಎರಡು ದಿನ ಬರೇ ಕೆಂಪು ಅಕ್ಷರದ ಎರರ್, ತಪ್ಪು ನಂದೇ, ನಕಾಶೆ ಅಕ್ಷಾಂಶ ರೇಖಾಂಶದ ಡಿಗ್ರಿ ಲೆಕ್ಕದಾಗಿತ್ತು, ಇದಕ್ಕ ಮೀಟರ್ ಲೆಕ್ಕದ ಪ್ರೊಜೆಕ್ಷನ್ (ದುಂಡನ್ನ ಭೂಮಿನ ಸಪಾಟ ನಕಾಶೆ ಮಾಡೋ ಪದ್ಧತಿ) ಬೇಕು. ನಮ್ ಕಲಬುರಗಿ, ಬೀದರ್, ಯಾದಗಿರಿ ಎಲ್ಲಾ ಯುಟಿಎಂ ಅನ್ನೋ ಮೀಟರ್ ಪದ್ಧತಿಯ 43 ಉತ್ತರ ವಲಯದಾಗ ಬರ್ತಾವ, ಬರದಿಟ್ಕೋರಿ. ಲೆಕ್ಕಾ ಹಾಕಿ ಬಂದ ನಕಾಶೆ ಬರೋಬರಿ ನೋಡ್ಲಾಕ ಕ್ಯೂಜಿಐಎಸ್ ಅನ್ನೋ ನಕಾಶೆ ಸಾಫ್ಟ್‌ವೇರು ಬೇಕು, ಅದೂ ಪುಕ್ಕಟ.

ಇನ್‌ವೆಸ್ಟ್‌ದಾಗ ನಾ ಹೆಚ್ಚು ಬಳಸಿದ್ದು ಹ್ಯಾಬಿಟಾಟ್ ಕ್ವಾಲಿಟಿ, ಅಂದ್ರ ಪ್ರಾಣಿ ಪಕ್ಷಿ ನೆಲಿ ಎಷ್ಟು ಚೊಲೋ ಅದ ಅಂತ ಲೆಕ್ಕಾ ಹಾಕೋ ಮಾಡೆಲ್. ಅದಕ್ಕ ಒಂದು ಭೂಬಳಕೆ ನಕಾಶೆ ಕೊಡ್ಬೇಕು, ಇಸ್ರೋದ ಭುವನ್ ಪೋರ್ಟಲ್ ನೋಡ್ಕೋತ ನಾನೇ 30 ಮೀಟರ್ ಚೌಕದ ನಕಾಶೆ ಮಾಡ್ಕೊಂಡೆ. ಆಮ್ಯಾಲ ಎರಡು ಟೇಬಲ್. ಒಂದ್ರಾಗ ಯಾವ್ ಅಪಾಯ ಎಷ್ಟು ದೂರ ಮುಟ್ತದ, ಅದರ ತೂಕ ಎಷ್ಟು, ಇನ್ನೊಂದ್ರಾಗ ಯಾವ್ ನೆಲ ಪ್ರಾಣಿಗೋಳಿಗಿ ಎಷ್ಟು ಒಳ್ಳೇದು ಅಂತ 0ಯಿಂದ 1ರ ತನಕ ಒಂದ್ ನಂಬರು. ಗಣಿ ಇಲ್ಲದ ನಕಾಶೆ, ಗಣಿ ಇರೋ ನಕಾಶೆ ಎರಡೂ ಓಡಿಸಿ ಒಂದ್ರಾಗ ಒಂದ್ ಕಳದ್ರ ಎಲ್ಲಿ ಕೆಡ್ತದ ಅಂತ ಕಾಣ್ತದ.

ನನಗ ಬಂದ ಉತ್ತರ ಏನ್ ಗೊತ್ತೇನ್ರಿ? ಹೆಚ್ಚೇನೂ ಕೆಡಂಗಿಲ್ಲ. ಆ ವರದಿ ಬರದ ಕನ್ಸಲ್ಟೆಂಟ್ ಹೇಳಿದ್ದೇ! ತಲಿ ಕೆಟ್ಟು ಲ್ಯಾಪ್‌ಟಾಪ್ ಹಿಡ್ಕೊಂಡು ಹೋಟೆಲ್‌ದಾಗ ಸುಸಲಾ ಮಿರ್ಚಿ ತಿನ್ಕೋತ ಕುಂತಿದ್ದೆ, ಕುರಿ ಕಾಯೋ ನಮ್ ಕಾಕಾ ಬಂದು ಬಗ್ಗಿ ನೋಡಿ, "ತಮ್ಮಾ, ಈ ಬೂದಿ ಬಣ್ಣದ್ದು ಏನಿದು" ಅಂದ. ಪಾಳು ಭೂಮಿ ಕಾಕಾ, ಅದಕ್ಕ 0.2 ಹಾಕೀನಿ ಅಂದೆ. "ಪಾಳು ಅಲ್ಲೋ, ನಮ್ ಗಾಯರಾಣ ಅದು, ಚಿಗರಿ ಮರಿ ಹಾಕೋದು ಅಲ್ಲೇ, ಮತ್ತ ಹಳ್ಳ ಎಲ್ಲದ ಇದ್ರಾಗ, ನುಂಗಿದ್ಯಾ?"

ಖರೇನೇ ನುಂಗಿದ್ದೆ. ಗಾಯರಾಣ ಅಂದ್ರ ಊರ ದನ ಕುರಿ ಮೇಯೋ ನೆಲ. ಸರ್ಕಾರಿ ನಕಾಶೆದಾಗ ಕುರುಚಲು ನೆಲ ವೇಸ್ಟ್‌ಲ್ಯಾಂಡ್ ಅಂತ ಇತ್ತು, ನಾನೂ ಕಣ್ಣ ಮುಚ್ಚಿ ಹಂಗೇ ಹಾಕಿದ್ದೆ, ಚಿಗರಿ ಅಂದ್ರ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲ್ನೇ ಶೆಡ್ಯೂಲಿನ ಪ್ರಾಣಿ, ಅದು ಇರೋದೇ ಅಂಥ ಬಯಲ್ದಾಗ. ನಾಕೈದು ಮಾರು ಅಗಲದ ಹಳ್ಳ 30 ಮೀಟರ್ ಚೌಕದಾಗ ಕಾಣೋದೇ ಇಲ್ಲ. ಗಾಯರಾಣಕ್ಕ 0.8 ಹಾಕಿ ತಿರುಗಿ ಓಡಿಸಿದೆ, ಗಣಿ ಲಾರಿ ಓಡಾಡೋ ರಸ್ತಾದ ಎರಡೂ ಮಗ್ಗಲ ಕೆಡೋ ಜಾಗ ಕೆಂಪಗ ಎದ್ದು ಬಂತು. ಖುಷಿ ಆಯ್ತು, ಆಮ್ಯಾಲ ರಸ್ತಾದ ತೂಕ 0.7 ಇದ್ದಿದ್ದು 0.3 ಮಾಡಿದೆ, ಅರ್ಧ ಕೆಂಪು ಹೋಯ್ತು. ಎರಡೂ ನಂಬರ್ ನಂದೇ ಅಲ್ರಿ!

ಹಂಗಂತ ಇದು ಬೋಗಸ್ ಅಲ್ಲ. ಬರೋ ಅಂಕಿ ಹೋಲಿಕೆಗಿ ಮಾತ್ರ ಅಂತ ಮಾಡಿದವ್ರೇ ಗೈಡ್‌ದಾಗ ಸಾಫಾಗಿ ಬರದಾರ, 0.6 ಅಂದ್ರ ಇಷ್ಟು ಚಿಗರಿ ಅಂತ ಅರ್ಥ ಅಲ್ಲ. ಇನ್‌ವೆಸ್ಟ್‌ದಾಗಿನ ಮಣ್ಣು ಕೊಚ್ಚಿ ಹೋಗೋ ಲೆಕ್ಕದ ಮಾಡೆಲೂ ಹಂಗೇ, ಹೊಲದ ಮ್ಯಾಲಿನ ಮಣ್ಣು ಮಳಿಗಿ ಜಾರೋದು ಲೆಕ್ಕಾ ಹಾಕ್ತದ, ಕೊರಕಲು ಬೀಳೋದು, ಹಳ್ಳದ ದಂಡಿ ಕುಸಿಯೋದು ಅದಕ್ಕ ಗೊತ್ತಿಲ್ಲ. ಗಣಿ ಮಣ್ಣಿನ ಗುಡ್ಡಿ ಮಳಿಗಿ ಕುಸದು ತೊಗರಿ ಹೊಲಕ್ಕ ಬಂದ್ರ ಈ ಮಾಡೆಲ್ ನಂಬಿ ಕುಂತವ್ನು ಕೆಟ್ಟ.

ಮೀನು, ಕೆರಿ, ಡ್ಯಾಮು ಅಂತಿದ್ರ ಎಕೋಪಾತ್ ಅಂತ ಇನ್ನೊಂದ್ ಸಾಫ್ಟ್‌ವೇರು ಅದ, ಅದೂ ಪುಕ್ಕಟ, ಯಾರ್ ಯಾರನ್ನ ಎಷ್ಟು ತಿಂತಾರ ಅಂತ ಲೆಕ್ಕಾ ಕೊಡ್ಬೇಕು. ನಮ್ ಕಡಿ ಬೆಣ್ಣೆತೊರಾ ಡ್ಯಾಮಿಗಿ ಮಾಡೂಣು ಅಂದೆ, ಆ ಲೆಕ್ಕ ನನ್ನ ಬಲ್ಲಿ ಇಲ್ಲ, ಅರ್ಧಾ ತಾಸಿನಾಗ ಮುಚ್ಚಿದೆ.

ಅಹವಾಲು ಸಭಾಕ್ಕ ನಕಾಶೆ ಹಿಡ್ಕೊಂಡು ಹೋಗ್ಲಿಲ್ಲ. ಎರಡು ಪ್ರಶ್ನೆ ಬರದು ಕೊಟ್ಟೆ: ಗಾಯರಾಣನ್ನ ಯಾವ ವರ್ಗಕ್ಕ ಹಾಕೀರಿ, ಲಾರಿ ರಸ್ತಾದ ಪರಿಣಾಮ ಎಷ್ಟು ದೂರದ ತನಕ ಲೆಕ್ಕಾ ಮಾಡೀರಿ. ಉತ್ತರ ಹೇಳೋರು ಒಬ್ಬರ ಮುಖ ಒಬ್ಬರು ನೋಡಿದ್ರು. ಕಡೀಗಿ ಫೈನಲ್ ವರದಿದಾಗ ಸೇರಸ್ತೀವಿ ಅಂದ್ರು, ನಡಾವಳಿದಾಗ ಬರಸ್ಕೊಂಡು ಬಂದೀನಿ.

5ರಾಗ ಮೂರೂವರಿ ಸ್ಟಾರ್. ಅರ್ಧ ಕಡಿಮಿ ಯಾಕಂದ್ರ ಕನ್ನಡದಾಗ ಒಂದ್ ಅಕ್ಷರ ಸಹಾಯ ಇಲ್ಲ, ಇನ್ನೊಂದ್ ಸ್ಟಾರ್ ಆ ಮಣ್ಣಿನ ಮಾಡೆಲ್ ಸಲುವಾಗಿ. ಈಗ ಸೆಂಟಿನೆಲ್ ಉಪಗ್ರಹದ 10 ಮೀಟರ್ ಚೌಕದ ಫೋಟೋ ಇಟ್ಕೊಂಡು ಹಳ್ಳ ಕೈಲೇ ಬರಿಲಾಕತ್ತೀನಿ, ಕಾಕಾ ಮಗ್ಗಲ್ದಾಗ ಕುಂತು ಇಲ್ಲಿ ತಿರುಗ್ತದ, ಇಲ್ಲಿ ಮಡು ಅದ ಅಂತ ಬಟ್ಟ ಇಡ್ತಾನ, ಸ್ಕ್ರೀನ್ ತುಂಬಾ ಮಿರ್ಚಿ ಎಣ್ಣಿ.