ಟೈಮ್ ಬ್ಯಾಂಕ್ ಸೇವೆ: ನೆರವು ಕೇಳಲು ಬಾರದವರಿಗೆ ಇಲ್ಲಿ ಖಾತೆ ಇದ್ದೂ ದಂಡ

ದುಡ್ಡಿನ ಬದಲು ದುಡಿದ ಗಂಟೆಗಳ ಲೆಕ್ಕವಿಟ್ಟು ಒಬ್ಬರಿಗೊಬ್ಬರು ನೆರವಾಗುವ ಟೈಮ್ ಬ್ಯಾಂಕಿಗೆ ಸೇರಿದವರಲ್ಲಿ ಬಹಳ ಮಂದಿ ಮೊದಮೊದಲು ಬರೀ ಗಂಟೆ ಕೂಡಿಡುತ್ತಾರೆ. ದುಡ್ಡಿನ ಬ್ಯಾಂಕು ಕಲಿಸಿದ ಬುದ್ಧಿ ಅದು: ಖಾತೆಯಲ್ಲಿ ಎಷ್ಟಿದೆಯೋ ಅಷ್ಟು ಧೈರ್ಯ. ಇಲ್ಲಿ ಆ ಬುದ್ಧಿ ಕೆಲಸಕ್ಕೆ ಬಾರದು. ಸಾಲದ್ದಕ್ಕೆ ಇಡೀ ಬ್ಯಾಂಕನ್ನೇ ನಿಲ್ಲಿಸಿಬಿಡುತ್ತದೆ. ಕಷ್ಟಕ್ಕೆ ಕರೆದರೆ ಬರುವ ಜನ, ನಮ್ಮಿಂದ ಇನ್ನೊಬ್ಬರಿಗೆ ಆಗುವ ಉಪಯೋಗ ಇವೇ ನಿಜವಾದ ಸಿರಿತನ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಆ ಮಾತನ್ನು ಜಮಾ-ಖರ್ಚಿನ ಪುಸ್ತಕಕ್ಕೆ ಇಳಿಸಿ ನಡೆಸಿ ತೋರಿಸಲು ಹೊರಟ ಸೇವೆ ಇದು. ಹಾಗಾಗಿ ಆದರ್ಶವನ್ನು ಹೊಗಳುವುದನ್ನು ಬದಿಗಿಟ್ಟು, ಬೇರೆ ಯಾವುದೇ ಸೇವೆಯನ್ನು ತೂಗುವಂತೆ ಇದನ್ನೂ ತೂಗಬೇಕು.

ನಿಯಮ ಸರಳ. ನೀವು ಯಾರಿಗಾದರೂ ಒಂದು ಗಂಟೆ ಕೆಲಸ ಮಾಡಿಕೊಟ್ಟರೆ ನಿಮ್ಮ ಖಾತೆಗೆ ಒಂದು ಗಂಟೆ ಜಮಾ, ಅವರ ಖಾತೆಯಲ್ಲಿ ಒಂದು ಗಂಟೆ ಖರ್ಚು. ಕೆಲಸ ಯಾವುದಾದರೂ ಗಂಟೆಯ ಬೆಲೆ ಒಂದೇ. ತೆರಿಗೆ ಅರ್ಜಿ ತುಂಬಿಕೊಡುವುದು, ಗಿಡಗಳಿಗೆ ಪಾತಿ ಮಾಡುವುದು, ಕಣ್ಣು ಮಂಜಾದವರ ಪಕ್ಕ ಕೂತು ಪತ್ರಿಕೆ ಓದಿ ಹೇಳುವುದು, ಎಲ್ಲವೂ ಸಮ. ಯಾರಿಗೆ ಕೊಟ್ಟಿರೋ ಅವರಿಂದಲೇ ವಾಪಸ್ ಪಡೆಯಬೇಕೆಂದಿಲ್ಲ. ಇಬ್ಬರ ನಡುವಿನ ಮುಯ್ಯಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಲೆಕ್ಕವನ್ನು ಸಾಮಾನ್ಯವಾಗಿ ಕಾಲು ಗಂಟೆಗೆ ಸರಿಮಾಡಿ ಬರೆಯುತ್ತಾರೆ. ಬಡ್ಡಿ ಇಲ್ಲ, ಗಂಟೆಯನ್ನು ದುಡ್ಡಿಗೆ ಮಾರುವಂತೆಯೂ ಇಲ್ಲ.

ಈ ಬಗೆಯ ಮೊದಲ ಬ್ಯಾಂಕನ್ನು ಜಪಾನಿನ ಒಸಾಕಾದಲ್ಲಿ 1973ರಲ್ಲಿ ಶುರುಮಾಡಿದ್ದು ತೆರುಕೊ ಮಿಜುಶಿಮಾ. ಯುದ್ಧಕಾಲದ ಅಭಾವದಲ್ಲಿ ಹೊಲಿಗೆ ಮಾಡಿಕೊಟ್ಟು ತರಕಾರಿ ಪಡೆದ ಅನುಭವ ಅವರಿಗಿತ್ತು. ಅಮೆರಿಕದಲ್ಲಿ ವಕೀಲ ಎಡ್ಗರ್ ಕಾನ್‌ಗೆ 1980ರಲ್ಲಿ ಹೃದಯಾಘಾತವಾಗಿ, ಎಲ್ಲರಿಂದ ಸೇವೆ ಪಡೆಯುತ್ತ ಯಾರಿಗೂ ಏನೂ ಮಾಡಲಾಗದೆ ಹಾಸಿಗೆ ಹಿಡಿದಿದ್ದಾಗ ಇದೇ ವಿಚಾರ ಬೇರೆ ದಾರಿಯಿಂದ ಹೊಳೆಯಿತು. ಒಬ್ಬರದು ದುಡ್ಡು ಕೈಕೊಟ್ಟಾಗಿನ ಕಷ್ಟ, ಇನ್ನೊಬ್ಬರದು ತಾನು ಯಾರಿಗೂ ಬೇಡವಾದೆನೆಂಬ ಕಷ್ಟ. ಸೇವೆಯ ಎರಡು ಮುಖಗಳೂ ಇವೇ, ಮತ್ತು ಎರಡನೆಯದೇ ಹೆಚ್ಚು ಬೆಲೆಬಾಳುವುದು ಎಂದು ನನ್ನ ಅಂದಾಜು.

ಸೇರುವಾಗ ಎರಡು ಪಟ್ಟಿ ತುಂಬಬೇಕು: ನಾನು ಏನು ಕೊಡಬಲ್ಲೆ, ನನಗೆ ಏನು ಬೇಕು. ಮೊದಲನೆಯದನ್ನು ಜನ ಸಂಕೋಚದಿಂದಲಾದರೂ ತುಂಬುತ್ತಾರೆ. ಎರಡನೆಯದನ್ನು ಖಾಲಿ ಬಿಡುತ್ತಾರೆ, ಇಲ್ಲವೇ 'ಸದ್ಯಕ್ಕೇನೂ ಬೇಡ' ಎಂದು ಬರೆಯುತ್ತಾರೆ. ಬೇಡುವುದು ಕೀಳು, ಕೊಡುವುದು ಮೇಲು ಎಂಬ ಅಭಿಮಾನ ಎಷ್ಟು ಆಳಕ್ಕಿಳಿದಿದೆ ಎಂಬುದು ಆ ಖಾಲಿ ಹಾಳೆಯಲ್ಲೇ ಗೊತ್ತಾಗುತ್ತದೆ. ಚೆನ್ನಾಗಿ ನಡೆಯುವ ಬ್ಯಾಂಕುಗಳು ಇದನ್ನು ಒಪ್ಪಬಾರದು. ಎರಡನೇ ಪಟ್ಟಿಯಲ್ಲಿ ಕನಿಷ್ಠ ಮೂರು ಬೇಡಿಕೆಗಳಿಲ್ಲದೆ ಖಾತೆ ತೆರೆಯಬಾರದು. ಬೇಡಿಕೆಯೂ ನಿರ್ದಿಷ್ಟವಾಗಿರಲಿ. 'ಕಂಪ್ಯೂಟರ್ ಸಹಾಯ' ಎಂದು ಬರೆದರೆ ಯಾರೂ ಮುಂದೆ ಬರುವುದಿಲ್ಲ. 'ಹಳೇ ಫೋನಿನ ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಿ, ವರ್ಷವಾರು ಜೋಡಿಸುವುದು, ಎರಡು ಗಂಟೆ, ಶನಿವಾರ ಮಧ್ಯಾಹ್ನ' ಎಂದರೆ ಬರುತ್ತಾರೆ.

ಲೆಕ್ಕ ಹೇಗೆ ಕೂತಿದೆ ಎಂದು ತಿಳಿಯದೆ ಈ ಸೇವೆಯನ್ನು ಬಳಸಲಾಗದು. ಒಬ್ಬರ ಜಮಾ ಇನ್ನೊಬ್ಬರ ಖರ್ಚು ಆದ್ದರಿಂದ ಎಲ್ಲ ಖಾತೆಗಳನ್ನೂ ಕೂಡಿದರೆ ಮೊತ್ತ ಯಾವಾಗಲೂ ಸೊನ್ನೆ. ಎಂದರೆ, ನೀವು 30 ಗಂಟೆ ಪ್ಲಸ್‌ನಲ್ಲಿ ಇರಬೇಕಾದರೆ ಬೇರೆ ಯಾರೋ, ಒಬ್ಬರೋ ಹತ್ತು ಜನರೋ, ಒಟ್ಟು 30 ಗಂಟೆ ಮೈನಸ್‌ನಲ್ಲಿ ಇರಲೇಬೇಕು. ಎಲ್ಲರೂ ಪ್ಲಸ್‌ನಲ್ಲಿ ಇರುವ ಟೈಮ್ ಬ್ಯಾಂಕ್ ಗಣಿತದಲ್ಲೇ ಸಾಧ್ಯವಿಲ್ಲ. ಎಲ್ಲರೂ ಅದಕ್ಕಾಗಿ ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ದಾಖಲೆ ಇದೆ. 1970ರ ದಶಕದಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ದಂಪತಿಗಳು ಸೇರಿ ಪರಸ್ಪರರ ಮಕ್ಕಳನ್ನು ನೋಡಿಕೊಳ್ಳುವ ಕೂಟ ಕಟ್ಟಿದ್ದರು. ಬೇರೆಯವರ ಮಗು ನೋಡಿಕೊಂಡರೆ ಅರ್ಧ ಗಂಟೆಗೆ ಒಂದು ಚೀಟಿ ಗಳಿಕೆ, ತಮ್ಮ ಮಗುವನ್ನು ಬಿಟ್ಟು ಹೊರಗೆ ಹೋದರೆ ಅಷ್ಟೇ ಖರ್ಚು. ಮುಂದೆ ಬೇಕಾದೀತೆಂದು ಎಲ್ಲರೂ ಚೀಟಿ ಕೂಡಿಡಲು ಹೊರಟರು. ಮಗು ನೋಡಿಕೊಳ್ಳಲು ಎಲ್ಲರೂ ತಯಾರು, ಮನೆಬಿಟ್ಟು ಹೊರಗೆ ಹೋಗಲು ಯಾರೂ ತಯಾರಿಲ್ಲ. ಕಡ್ಡಾಯವಾಗಿ ಹೊರಗೆ ಹೋಗಿಬನ್ನಿ ಎಂದು ನಿಯಮ ಮಾಡಿದರೂ ಉಪಯೋಗವಾಗಲಿಲ್ಲ. ಕೊನೆಗೆ ಎಲ್ಲರಿಗೂ ಹೆಚ್ಚುವರಿ ಚೀಟಿ ಹಂಚಿದ ಮೇಲೆ ವಹಿವಾಟು ಚುರುಕಾಯಿತು. ಮುಂದೆ ಚೀಟಿ ಅತಿಯಾಗಿ, ಮಗು ನೋಡಿಕೊಳ್ಳುವವರೇ ಸಿಗದಾದರು, ಅದು ಬೇರೆ ಮಾತು. ಅರ್ಥಶಾಸ್ತ್ರದವರು ಆರ್ಥಿಕ ಹಿಂಜರಿತವನ್ನು ವಿವರಿಸಲು ಇಂದಿಗೂ ಈ ಉದಾಹರಣೆಯನ್ನೇ ಎತ್ತುತ್ತಾರೆ.

ಟೈಮ್ ಬ್ಯಾಂಕಿನಲ್ಲಿ ಚೀಟಿ ಅಚ್ಚು ಹಾಕುವ ತಲೆನೋವಿಲ್ಲ, ಏಕೆಂದರೆ ಖಾತೆ ಸೊನ್ನೆಯಿಂದ ಕೆಳಗೆ ಇಳಿಯಬಹುದು. ಆದರೆ ಇಳಿಯಲು ಜನ ಒಪ್ಪಬೇಕಲ್ಲ. ಮೈನಸ್ ಎಂದೊಡನೆ ಸಾಲ ಎಂದು ಹೆದರುತ್ತಾರೆ. ಇದಕ್ಕೆ ಉಪಾಯ ಮಿತಿಯಲ್ಲಿದೆ. ಹೊಸಬರಿಗೆ ಮೈನಸ್ 10 ಗಂಟೆಯವರೆಗೆ ಕೇಳದೆಯೇ ಬಿಡಬೇಕು. 20 ದಾಟಿದರೆ ಸಂಯೋಜಕರು, ಎಂದರೆ ಸದಸ್ಯರನ್ನು ಒಬ್ಬರಿಗೊಬ್ಬರು ಜೋಡಿಸಿಕೊಡುವವರು, ಕರೆದು ಮಾತಾಡಬೇಕು. ಮೇಲಿನ ಕಡೆಗೂ ಇದೇ ಶಿಸ್ತು ಬೇಕು: ಪ್ಲಸ್ 40ಕ್ಕಿಂತ ಮೇಲೆ ಹೋದವರಿಗೂ ಅದೇ ಕರೆ. ಖರ್ಚು ಮಾಡಲು ಮನಸ್ಸೇ ಇಲ್ಲದಿದ್ದರೆ ಗಂಟೆಗಳನ್ನು ಸಾಮೂಹಿಕ ಖಾತೆಗೆ ದಾನ ಕೊಡಲಿ. ಕಾಯಿಲೆಯಿಂದ ವಾಪಸ್ ಕೊಡಲಾಗದವರ ಮೈನಸ್ ಅದರಿಂದ ತೀರುತ್ತದೆ. ಕೆಳಗಿನ ಮಿತಿಯನ್ನು ಎರಡು-ಮೂರು ಗಂಟೆಗೆ ಬಿಗಿಮಾಡಿದರೆ ವಹಿವಾಟು ಉಸಿರುಗಟ್ಟುತ್ತದೆ. ಮಿತಿಯೇ ಇಲ್ಲದಿದ್ದರೆ ಕೆಲವರು ಪಡೆದುಕೊಂಡು ಊರು ಬಿಡುತ್ತಾರೆ.

ಯಾವ ಕೆಲಸಕ್ಕೆ ಇದು ಒಳ್ಳೆಯದು? ಒಂದರಿಂದ ಮೂರು ಗಂಟೆಯಲ್ಲಿ ಮುಗಿಯುವ, ದಿನಾಂಕ ಆಚೀಚೆ ಆದರೂ ನಡೆಯುವ, ವಿಶೇಷ ಪರವಾನಗಿ ಬೇಡದ ಕೆಲಸಗಳಿಗೆ. ಆಸ್ಪತ್ರೆಗೆ ಜೊತೆ ಹೋಗುವುದು, ಫಾರಂ ತುಂಬುವುದು, ಕಪಾಟು ಜೋಡಿಸುವುದು, ಹೊಸ ಭಾಷೆ ಮಾತಾಡುತ್ತ ಅಭ್ಯಾಸ ಮಾಡಿಸುವುದು, ನಾಯಿಯನ್ನು ವಾಕಿಂಗ್ ಕರೆದೊಯ್ಯುವುದು. ನಲ್ಲಿ ಒಡೆದು ಮನೆಯೆಲ್ಲ ನೀರಾದಾಗ ಟೈಮ್ ಬ್ಯಾಂಕಿಗೆ ಫೋನ್ ಮಾಡಬೇಡಿ. ವಿದ್ಯುತ್ ವೈರಿಂಗ್, ಗ್ಯಾಸ್ ಸಂಪರ್ಕ, ಚಿಕಿತ್ಸೆ, ನ್ಯಾಯಾಲಯದ ಕೆಲಸ ಇವನ್ನೂ ಇಲ್ಲಿಗೆ ತರಬಾರದು. ಅನಾಹುತವಾದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಗಂಟೆಯ ಲೆಕ್ಕದಲ್ಲಿ ಉತ್ತರವಿಲ್ಲ. ಮಕ್ಕಳ, ವೃದ್ಧರ ಮನೆಗೆ ಹೋಗುವ ಸದಸ್ಯರ ಹಿನ್ನೆಲೆ ತಪಾಸಣೆ ಮಾಡದ ಬ್ಯಾಂಕಿಗೆ ಸೇರಲೇಬೇಡಿ. ಪ್ರತಿದಿನದ ಶುಶ್ರೂಷೆಯೂ ಇದರ ಕೈಲಾಗದು: ವಾರಕ್ಕೊಂದು ದಿನ ಬರುವವರು ಐದು ಜನ ಸಿಕ್ಕರೂ ಆರನೇ ದಿನ ಖಾಲಿ ಬಿದ್ದೀತು.

ಜಗಳ ಬರುವುದು ಸಣ್ಣ ವಿಷಯಗಳಲ್ಲಿ. ಒಂದು ಗಂಟೆಯ ಕೆಲಸಕ್ಕೆ ಹೋಗಿಬರಲು ಒಂದೂವರೆ ಗಂಟೆ ಹಿಡಿದರೆ ಎಷ್ಟು ಬರೆಯಬೇಕು? ಕೆಲವು ಕಡೆ ಪ್ರಯಾಣವನ್ನೂ ಸೇರಿಸುತ್ತಾರೆ, ಕೆಲವು ಕಡೆ ಇಲ್ಲ. ಎರಡೂ ಸರಿಯೇ, ಆದರೆ ಹೊರಡುವ ಮುಂಚೆ ಮಾತಾಗಿರಬೇಕು. ಬಣ್ಣ, ಮೊಳೆ, ಪೆಟ್ರೋಲು ಇವು ಗಂಟೆಯಲ್ಲಿ ಬರುವುದಿಲ್ಲ. ಕೆಲಸ ಮಾಡಿಸಿಕೊಂಡವರು ಆದ ಖರ್ಚನ್ನು ನಗದಾಗಿ ಕೊಡಬೇಕು. ಇನ್ನೊಂದು ಗೊಂದಲ ತರಗತಿಯದು. ಒಬ್ಬರು ಹತ್ತು ಜನರಿಗೆ ಒಂದು ಗಂಟೆ ಪಾಠ ಹೇಳಿದರೆ ಅವರಿಗೆ ಹತ್ತು ಗಂಟೆ ಜಮಾ ಮಾಡಬಾರದು; ಅವರು ದುಡಿದದ್ದು ಒಂದೇ ಗಂಟೆ, ತಯಾರಿಯ ಹೊತ್ತು ಸೇರಿಸಿದರೆ ಎರಡು. ಕಲಿತ ಹತ್ತು ಜನರಿಂದ ತಲಾ ಒಂದು ಗಂಟೆ ಕಳೆದು, ಉಳಿದ ಎಂಟನ್ನು ಸಾಮೂಹಿಕ ಖಾತೆಗೆ ಹಾಕುವುದು ಒಂದು ಕ್ರಮ. ಎರಡು ಗಂಟೆಯನ್ನೇ ಹತ್ತು ಜನರಿಗೆ ತಲಾ 12 ನಿಮಿಷದಂತೆ ಹಂಚುವುದು ಇನ್ನೊಂದು. ಸಾಮೂಹಿಕ ಖಾತೆ ಬರಿದಾಗಿರುವ ಬ್ಯಾಂಕಿಗೆ ಮೊದಲನೆಯದು ವಾಸಿ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 50 ಸದಸ್ಯರವರೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಸೇವೆಯ ಜೀವ ಇರುವುದು ಸಂಯೋಜಕರಲ್ಲಿ. ಪಟ್ಟಿಯನ್ನು ನೋಡಿಕೊಂಡು ಜನ ತಾವಾಗಿಯೇ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ ಎಂದು ನಂಬಿ ಶುರುವಾದ ಬ್ಯಾಂಕುಗಳು ಬೇಗ ಮಲಗುತ್ತವೆ. ಅಪರಿಚಿತರನ್ನು ಮನೆಗೆ ಕರೆಯಲು ನಡುವೆ ಇಬ್ಬರನ್ನೂ ಬಲ್ಲ ಒಬ್ಬರು ಬೇಕು. ಲಂಡನ್ನಿನ ರಷಿ ಗ್ರೀನ್ ಟೈಮ್ ಬ್ಯಾಂಕ್ 1999ರಲ್ಲಿ ಶುರುವಾದದ್ದು ಒಂದು ವೈದ್ಯರ ಕ್ಲಿನಿಕ್ಕಿನಲ್ಲೇ. ಒಂಟಿತನ, ಖಿನ್ನತೆಯಿಂದ ಬಳಲುವವರನ್ನು ವೈದ್ಯರೇ ಅಲ್ಲಿಗೆ ಕಳಿಸುತ್ತಿದ್ದರು. ಅವರಿಗೂ ಇನ್ನೊಬ್ಬರಿಗೆ ಕೊಡುವಂಥದ್ದು ಏನೋ ಇದೆ ಎಂದು ಹುಡುಕಿ ತೆಗೆಯುವುದು ಯಾವ ಆ್ಯಪಿನಿಂದಲೂ ಆಗುವ ಕೆಲಸವಲ್ಲ. ವಿಪರ್ಯಾಸವೆಂದರೆ ಆ ಸಂಯೋಜಕರಿಗೆ ಸಂಬಳ ಬೇಕು, ಅದು ದುಡ್ಡಿನಲ್ಲೇ ಬೇಕು. ಅನುದಾನ ನಿಂತರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಬ್ಯಾಂಕು ಮುಚ್ಚುತ್ತದೆ.

ಮುಚ್ಚಿದರೆ ಕೂಡಿಟ್ಟ ಗಂಟೆಗಳ ಗತಿ? ಸಾಮಾನ್ಯವಾಗಿ ಹೋದವು ಎಂದೇ ಲೆಕ್ಕ. ಈಗ ದುಡಿದು ಮುಪ್ಪಿನಲ್ಲಿ ಪಡೆಯುತ್ತೇನೆ ಎನ್ನುವವರು ಇದನ್ನು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ನಗರದ ಯೋಜನೆ ಇದಕ್ಕೊಂದು ಅಪವಾದ: ವಯಸ್ಸಾದವರಿಗೆ ನೆರವಾಗಿ ಗಳಿಸಿದ ಗಂಟೆಗಳಿಗೆ ನಗರಾಡಳಿತವೇ ಖಾತರಿ ನಿಂತಿದೆ. ಹಾಗಿದ್ದೂ ಒಬ್ಬರು ಗರಿಷ್ಠ 750 ಗಂಟೆ ಮಾತ್ರ ಕೂಡಿಡಬಹುದು. ವಯಸ್ಸಾದವರ ಆರೈಕೆ ಮಾಡಿ ಗಂಟೆ ಗಳಿಸುವ ಜಪಾನಿನ ಫುರೆಯಾಯ್ ಕಿಪ್ಪು ಪದ್ಧತಿಯಲ್ಲಿ ಗಂಟೆಯನ್ನು ದೂರದ ಊರಿನಲ್ಲಿರುವ ತಂದೆತಾಯಿಗೆ ವರ್ಗಾಯಿಸುವ ಏರ್ಪಾಡೂ ಇದೆ. ಮಕ್ಕಳು ಒಂದೂರಲ್ಲಿ, ಹೆತ್ತವರು ಇನ್ನೊಂದೂರಲ್ಲಿ ಇರುವ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸೌಲಭ್ಯ ಬೇರೆ ಇರಲಾರದು. ಇಂಥ ಖಾತರಿಯಾಗಲಿ ವರ್ಗಾವಣೆಯಾಗಲಿ ಇಲ್ಲದ ಕಡೆ ಹತ್ತಿಪ್ಪತ್ತು ಗಂಟೆಗಿಂತ ಹೆಚ್ಚು ಉಳಿಸುವುದು ಅರ್ಥವಿಲ್ಲದ ಕೆಲಸ.

ಎಲ್ಲರ ಗಂಟೆಯೂ ಸಮ ಎಂಬ ತತ್ವದ ಬಗ್ಗೆ ಆಕ್ಷೇಪ ಇದ್ದೇ ಇದೆ. ಹೆಚ್ಚು ಬೇಡಿಕೆಯ ಕೌಶಲ ಇರುವವರು, ಮುಖ್ಯವಾಗಿ ರಿಪೇರಿ ಕೆಲಸದವರು ಮತ್ತು ವಾಹನ ಇರುವವರು, ಬೇಗ ಸುಸ್ತಾಗಿ ದೂರ ಸರಿಯುತ್ತಾರೆ. ಗಂಟೆಗೆ ಹೆಚ್ಚು ಬೆಲೆ ಕಟ್ಟಿದರೆ ಅವರು ಉಳಿಯಬಹುದು, ಆದರೆ ಆಗ ಅದು ಇನ್ನೊಂದು ಬಗೆಯ ದುಡ್ಡಾಗುತ್ತದೆ. ಕೂತು ಪತ್ರಿಕೆ ಓದಿ ಹೇಳುವವರ ಗಂಟೆ ಮತ್ತೆ ಚಿಲ್ಲರೆಯಾಗುತ್ತದೆ. ಅದರ ಬದಲು ಅಂಥವರ ಹೆಸರನ್ನು ತಿಂಗಳಿಗೆ ಎರಡು ಕೋರಿಕೆಗೆ ಸೀಮಿತಗೊಳಿಸುವುದು, ಅವರಿಂದ ಇನ್ನು ನಾಲ್ವರಿಗೆ ಆ ಕೆಲಸವನ್ನೇ ಕಲಿಸುವ ತರಗತಿ ನಡೆಸುವುದು ಉತ್ತಮ.

ಸೇರುವ ಮುಂಚೆ ಸಂಯೋಜಕರನ್ನು ಕೇಳಬೇಕಾದದ್ದು ಸದಸ್ಯರ ಸಂಖ್ಯೆಯನ್ನಲ್ಲ, ಕಳೆದ ತಿಂಗಳು ಎಷ್ಟು ಜನ ಬೇರೆಬೇರೆ ಸದಸ್ಯರು ಸೇವೆ ಪಡೆದರು ಎಂಬುದನ್ನು. 200 ಸದಸ್ಯರಿದ್ದು ವಹಿವಾಟೆಲ್ಲ ಅದೇ 12 ಜನರ ನಡುವೆ ನಡೆಯುತ್ತಿದ್ದರೆ ಅದು ಗೆಳೆಯರ ಗುಂಪು, ಅದಕ್ಕೆ ಬ್ಯಾಂಕಿನ ಹಂಗು ಬೇಡ. ಸಂಯೋಜಕರ ಸಂಬಳಕ್ಕೆ ಇನ್ನೆಷ್ಟು ದಿನದ ಹಣವಿದೆ ಎಂದೂ ಕೇಳಿ. ಒಳಗೆ ಹೋದ ಮೇಲೆ ಮೊದಲ ವಹಿವಾಟು ಪಡೆಯುವುದೇ ಆಗಿರಲಿ, ಒಂದು ಗಂಟೆಯ ಸಣ್ಣ ಕೆಲಸ ಸಾಕು. ಖಾತೆ ಮೈನಸ್ 1 ತೋರಿಸುತ್ತದೆ, ಮತ್ತು ಬ್ಯಾಂಕಿನಲ್ಲಿ ಇನ್ನೊಬ್ಬರಿಗೆ ಪ್ಲಸ್ 1 ಆಗಿರುತ್ತದೆ.