ಎನ್‌ಬಿಎ ಲೀಗ್ ಪಾಸ್: ಸೋಲುತ್ತಿರುವ ತಂಡಕ್ಕೆ ಹೊಸ ಪಾಯಿಂಟ್ ಗಾರ್ಡ್ ಬಂದಿದ್ದರೆ ತಗೊಳ್ಳಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪಂದ್ಯಗಳನ್ನು ಆನ್‌ಲೈನ್‌ನಲ್ಲಿ ನೋಡುವ ಲೀಗ್ ಪಾಸ್ ಚಂದಾ ತಗೋಬೇಕಾ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ನಿಮ್ಮ ತಂಡ ಯಾವುದು, ಹೇಗೆ ಆಡುತ್ತಿದೆ ಅಂತ. ಪ್ರಶಸ್ತಿಗೆ ಹತ್ತಿರ ಇರುವ ತಂಡವಾದರೆ ಅದರ ಸುದ್ದಿ, ಹೈಲೈಟ್ಸ್ ಎಲ್ಲ ಕಡೆ ಸಿಗುತ್ತವೆ, ಅಂಥ ಅವಸರವೇನಿಲ್ಲ. ಆದರೆ ಕೆಲವು ವರ್ಷಗಳಿಂದ ಸೋಲುತ್ತಾ ಬಂದ ತಂಡ ಈಗ ಹೊಸ ಪಾಯಿಂಟ್ ಗಾರ್ಡ್‌ಗಳನ್ನು (ಚೆಂಡನ್ನು ಮುಂದೆ ತಂದು ಆಟ ನಡೆಸುವವರನ್ನು) ತಂದಿದ್ದರೆ ಖಂಡಿತ ತಗೊಳ್ಳಿ. ಆ ಜಾಗದ ಆಟಗಾರ ಏನು ಮಾಡುತ್ತಾನೆ ಅನ್ನುವುದು ಪೂರ್ತಿ ಪಂದ್ಯ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಹೈಲೈಟ್ಸ್‌ನಲ್ಲಿ ಹಾರಿ ಚೆಂಡನ್ನು ಬುಟ್ಟಿಗೆ ತುರುಕುವ ಡಂಕ್ ಕಾಣುತ್ತದೆ, ಅದಕ್ಕೂ ಮುಂಚಿನ ಪಾಸ್ ಕಾಣುತ್ತದೆ. ಪಾಸ್‌ಗೂ ಮುಂಚೆ ನಡೆದದ್ದು? ಎಡಗಡೆ ನಿಂತಿದ್ದ ಸೆಂಟರ್‌ನನ್ನು (ಬುಟ್ಟಿ ಹತ್ತಿರ ಆಡುವ ಎತ್ತರದ ಆಟಗಾರನನ್ನು) ಕೈ ತೋರಿಸಿ ಬಲಕ್ಕೆ ಕರೆದದ್ದು, ಮೂಲೆಯಲ್ಲಿ ದೂರದಿಂದ ಹೊಡೆಯುವ ಶೂಟರ್ ಇನ್ನೂ ಬಂದು ನಿಂತಿಲ್ಲ ಅಂತ ಒಂದು ಕ್ಷಣ ಡ್ರಿಬಲ್ ಮಾಡುತ್ತಾ ಕಾದದ್ದು, ಅದ್ಯಾವುದೂ ಇರಲ್ಲ. ಲೀಗ್ ಪಾಸ್‌ನಲ್ಲಿರುವ ಹತ್ತು ನಿಮಿಷದ ಕಂಡೆನ್ಸ್ಡ್ (ಕತ್ತರಿಸಿ ಚಿಕ್ಕದು ಮಾಡಿದ) ಪಂದ್ಯವೂ ಈ ಕೆಲಸಕ್ಕೆ ಆಗುವುದಿಲ್ಲ. ಪೂರ್ತಿ ಪಂದ್ಯದ ರಿಪ್ಲೇ ಹಾಕಿಕೊಳ್ಳಿ. ಸ್ಕೋರ್ ಮುಚ್ಚಿಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಅದನ್ನು ಆನ್ ಮಾಡಿ. ಎರಡೂ ತಂಡಗಳ ಪ್ರಸಾರ ಸಿಗುವ ಪಂದ್ಯಗಳಲ್ಲಿ ನಿಮ್ಮ ತಂಡದ ಕಾಮೆಂಟೇಟರ್‌ಗಳನ್ನೇ ಆರಿಸಿಕೊಳ್ಳಿ. ವರ್ಷವಿಡೀ ಅದೇ ತಂಡವನ್ನು ನೋಡುವ ಅವರಿಗೆ ಯಾರು ಎಲ್ಲಿ ನಿಲ್ಲಬೇಕಿತ್ತು ಅನ್ನುವುದೂ ಗೊತ್ತಿರುತ್ತದೆ.

ನೋಡುವಾಗ ಚೆಂಡಿನ ಜೊತೆ ಶಾಟ್ ಕ್ಲಾಕ್ ಮೇಲೂ ಒಂದು ಕಣ್ಣಿಡಿ. ಒಂದು ದಾಳಿಗೆ 24 ಸೆಕೆಂಡ್, ಅದರಲ್ಲಿ 8 ಸೆಕೆಂಡ್ ಒಳಗೆ ಅರ್ಧ ಗೆರೆ ದಾಟಬೇಕು. ಸೋಲುವ ತಂಡ ಆ ಎಂಟನ್ನೂ ಖರ್ಚು ಮಾಡಿಕೊಂಡೇ ಬರುತ್ತದೆ. ಬಂದ ಮೇಲೆ ಯಾವ ಆಟ ಅಂತ ಅಂಗಳದಲ್ಲೇ ಚರ್ಚೆ, ಮೊದಲ ಸ್ಕ್ರೀನ್ (ಎದುರಾಳಿಗೆ ಅಡ್ಡ ನಿಂತು ದಾರಿ ಮಾಡಿಕೊಡುವುದು) ಕೆಲಸ ಮಾಡಲಿಲ್ಲ ಅಂದರೆ ಎರಡನೆಯದಕ್ಕೆ ಸಮಯವಿಲ್ಲ, ಕೊನೆಗೆ ಯಾರೋ ಒಬ್ಬ ಎದುರಾಳಿಯ ಕೈ ಮೇಲಿಂದ ಎಸೆಯಬೇಕು. ಅದು ತಪ್ಪಿದರೆ ನಾವು ಶೂಟರ್‌ನನ್ನು ಬೈಯುತ್ತೇವೆ. ಒಳ್ಳೆಯ ಪಾಯಿಂಟ್ ಗಾರ್ಡ್ ಬಂದ ತಂಡದಲ್ಲಿ ಅದೇ ಶೂಟರ್‌ಗೆ ಚೆಂಡು ನಾಲ್ಕೈದು ಸೆಕೆಂಡ್ ಮುಂಚೆ, ಎದೆಯ ಎತ್ತರಕ್ಕೆ, ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿದ್ದಾಗ ಸಿಗುತ್ತದೆ. ಅದೇ ಕೈ, ಆದರೆ ಬುಟ್ಟಿಗೆ ಬೀಳುವುದು ಜಾಸ್ತಿ.

ಇದನ್ನು ಹಂತಹಂತವಾಗಿ ನೋಡಬೇಕಾದರೆ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2023-24ರ ಶುರುವಿನಲ್ಲಿ ಅವರು ಫಾರ್ವರ್ಡ್ ಆದ ಜೆರೆಮಿ ಸೋಹಾನ್ ಅವರನ್ನು ಪಾಯಿಂಟ್ ಗಾರ್ಡ್ ಜಾಗದಲ್ಲಿ ಆಡಿಸಿದರು. ವಿಕ್ಟರ್ ವೆಂಬನ್ಯಾಮನಂಥ ಏಳಡಿಗೂ ಎತ್ತರದ ಹುಡುಗ ರಿಂಗ್ ಹತ್ತಿರ ಕೈ ಎತ್ತಿ ನಿಂತಿದ್ದರೂ ಚೆಂಡು ಅವನಿಗೆ ಸರಿಯಾದ ಹೊತ್ತಿಗೆ ತಲುಪುತ್ತಿರಲಿಲ್ಲ. ಸೋಹಾನ್ ದೂರದಿಂದ ಹೊಡೆಯಲ್ಲ ಅಂತ ಎದುರಾಳಿಗಳು ಅವರನ್ನು ಬಿಟ್ಟು ಒಳಗೆ ಬಂದು ನಿಲ್ಲುತ್ತಿದ್ದರು. ಸೋಹಾನ್ ಅವರದ್ದು ತಪ್ಪು ಅನ್ನಲಾರೆ, ಅವರ ಕೆಲಸವೇ ಬೇರೆ. ವರ್ಷದ ಕೊನೆಗೆ 22 ಗೆಲುವು, 60 ಸೋಲು. ಮುಂದಿನ ಬೇಸಿಗೆಯಲ್ಲಿ ಕ್ರಿಸ್ ಪಾಲ್ ಬಂದರು, 39ರ ವಯಸ್ಸಿನಲ್ಲಿ 82 ಪಂದ್ಯಗಳನ್ನೂ ಶುರುವಿನಿಂದಲೇ ಆಡಿದರು. ಅದೇ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಗಾರ್ಡ್ ಸ್ಟೀಫನ್ ಕ್ಯಾಸಲ್ ಸಿಕ್ಕರು, ಮುಂದಿನ ಫೆಬ್ರುವರಿಯಲ್ಲಿ ಇನ್ನೊಬ್ಬ ಪಾಯಿಂಟ್ ಗಾರ್ಡ್ ಡಿಆರನ್ ಫಾಕ್ಸ್ ಸೇರಿದರು. ಗೆಲುವು 34ಕ್ಕೆ ಏರಿತು. ಕೋಚ್ ಪಾಪೊವಿಚ್ ಅನಾರೋಗ್ಯದಿಂದ ದೂರವಾಗಿ, ವೆಂಬನ್ಯಾಮ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಅರ್ಧದಲ್ಲೇ ಹೊರಗುಳಿದ ವರ್ಷದಲ್ಲಿ ಇಷ್ಟಾಯಿತು ಅನ್ನೋದನ್ನು ಮರೆಯಬಾರದು. ಎರಡೂ ವರ್ಷಗಳ ಒಂದೊಂದು ಪಂದ್ಯ ಪಕ್ಕಪಕ್ಕ ಇಟ್ಟು ನೋಡಿ. ಪಾಲ್ ಬಂದ ಮೇಲೆ ಸ್ಪರ್ಸ್ ಓಡುವುದಕ್ಕಿಂತ ಜಾಸ್ತಿ ಮಾತಾಡುವುದು ಕಾಣುತ್ತದೆ, ಫ್ರೀ ಥ್ರೋ ನಡೆಯುವಾಗಲೂ ಪಾಲ್ ಯಾರಿಗಾದರೂ ಏನಾದರೂ ಹೇಳಿಕೊಡುತ್ತಲೇ ಇರುತ್ತಾರೆ.

ಇದು ಹೊಸದೇನಲ್ಲ. 2000-01ರಲ್ಲಿ 26 ಪಂದ್ಯ ಗೆದ್ದಿದ್ದ ನ್ಯೂಜೆರ್ಸಿ ನೆಟ್ಸ್, ಜೇಸನ್ ಕಿಡ್ ಬಂದ ವರ್ಷವೇ 52 ಗೆದ್ದು ಫೈನಲ್ಸ್ ಆಡಿತು. ಫೀನಿಕ್ಸ್ ಸನ್ಸ್ 29ರಿಂದ 62ಕ್ಕೆ ಹಾರಿದ್ದು ಸ್ಟೀವ್ ನ್ಯಾಶ್ ಬಂದ 2004-05ರಲ್ಲಿ. ಅದೇ ವರ್ಷ ಎದುರಾಳಿಯನ್ನು ಕೈಯಿಂದ ತಡೆಯುವ ಡಿಫೆನ್ಸ್ ಮೇಲೆ ಲೀಗ್ ನಿಯಮ ಬಿಗಿ ಮಾಡಿದ್ದೂ ನ್ಯಾಶ್‌ಗೆ ಅನುಕೂಲವಾಯಿತು. ಆದರೂ ಪಿಕ್ ಅಂಡ್ ರೋಲ್‌ನಲ್ಲಿ (ಸ್ಕ್ರೀನ್ ಹಾಕಿದವನೇ ಬುಟ್ಟಿಯತ್ತ ಓಡುವ ಆಟದಲ್ಲಿ) ಅದೇ ತಂಡದ ಸ್ಟೌಡಮೈರ್ ಓಡಿ ಬರುವ ಜಾಗಕ್ಕೆ ಅವರಿಗಿಂತ ಮುಂಚೆ ಚೆಂಡು ಬರುತ್ತಿದ್ದದ್ದು ನಿಯಮದಿಂದಲ್ಲ ಅಲ್ವಾ?

ಹಾಗಂತ ದೊಡ್ಡ ಹೆಸರು ತಂದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಲೇಕರ್ಸ್ 2021ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಅವರನ್ನು ತಂದಿತು, 33 ಗೆದ್ದು 49 ಸೋತಿತು. ಗಾಯಗಳೂ ಇದ್ದವು ನಿಜ. ಆದರೆ ಆ ತಂಡದ ತಾರೆ ಲೆಬ್ರಾನ್ ಜೇಮ್ಸ್ ಕೈಯಲ್ಲಿ ಚೆಂಡಿದ್ದಾಗ ವೆಸ್ಟ್‌ಬ್ರೂಕ್ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಉತ್ತರವೇ ಸಿಗಲಿಲ್ಲ. ಹೊರಗೆ ನಿಂತರೆ ಅವರನ್ನು ಯಾರೂ ಕಾಯುತ್ತಿರಲಿಲ್ಲ. ಹಾಗಾಗಿ ಹೊಸ ಗಾರ್ಡ್ ಚೆಂಡಿಲ್ಲದಾಗ ಏನು ಮಾಡುತ್ತಾರೆ ಅನ್ನೋದನ್ನು ಕಡ್ಡಾಯವಾಗಿ ಗಮನಿಸಿ. ತಾಳ್ಮೆಯೂ ಬೇಕು. ಇಂಡಿಯಾನಾ ಪೇಸರ್ಸ್ ಟೈರೀಸ್ ಹಾಲಿಬರ್ಟನ್ ಅವರನ್ನು ತಂದದ್ದು 2022ರ ಫೆಬ್ರುವರಿಯಲ್ಲಿ, ಫೈನಲ್ಸ್ ಮುಟ್ಟಿದ್ದು 2025ರಲ್ಲಿ.

ಸೋಲುವ ತಂಡಕ್ಕೆ ಒಬ್ಬರಲ್ಲ, ಇಬ್ಬರು ಪಾಯಿಂಟ್ ಗಾರ್ಡ್ ಬೇಕು ಅನ್ನೋದು ನನ್ನ ಗಟ್ಟಿ ನಂಬಿಕೆ. 48 ನಿಮಿಷವೂ ಒಬ್ಬರೇ ಆಡಲಾರರು. ಮೊದಲನೆಯವರು ಬೆಂಚಿಗೆ ಹೋದ ಏಳೆಂಟು ನಿಮಿಷದಲ್ಲೇ ಎಷ್ಟೋ ಪಂದ್ಯ ಕೈತಪ್ಪಿ ಹೋಗುತ್ತವೆ. ಎರಡನೆಯವರು ಮಿಂಚಬೇಕಿಲ್ಲ, ಚೆಂಡು ಕಳೆದುಕೊಳ್ಳದೆ ಅದೇ ಆಟಗಳನ್ನು ಅದೇ ಕ್ರಮದಲ್ಲಿ ನಡೆಸಿದರೆ ಸಾಕು. ಲೀಗ್ ಪಾಸ್‌ನಲ್ಲಿ ಇದನ್ನು ನೋಡಲು ಸುಲಭ: ಎರಡನೇ ಕ್ವಾರ್ಟರ್‌ನ ಶುರುವಿಗೆ ನೇರ ಹೋಗಿ, ಮೊದಲನೆಯವರು ಸಾಮಾನ್ಯವಾಗಿ ಆಗ ಬೆಂಚಿನಲ್ಲಿರುತ್ತಾರೆ.

ಚಂದಾ ಬಗ್ಗೆ ಕೊನೆಯ ಮಾತು. ಅಮೆರಿಕದಲ್ಲಿದ್ದರೆ ನಿಮ್ಮ ಊರಿನ ತಂಡದ ನೇರ ಪ್ರಸಾರ ಇದರಲ್ಲಿ ಸಿಗುವುದಿಲ್ಲ, ಬ್ಲ್ಯಾಕ್‌ಔಟ್ ನಿಯಮವಿದೆ, ದುಡ್ಡು ಕಟ್ಟುವ ಮುಂಚೆ ನೋಡಿಕೊಳ್ಳಿ. ಒಂದೇ ತಂಡದ ಪ್ಯಾಕ್ ನಿಮ್ಮಲ್ಲಿ ಸಿಗುವುದಾದರೆ ಅದೇ ಸಾಕು, ಸುಮ್ನೆ ಮೂವತ್ತು ತಂಡಗಳಿಗೆ ದುಡ್ಡು ಕೊಡಬೇಡಿ.