ನೂರು ಗೋಟಡಿಕೆ, ನಾಲ್ಕು ದಾರಿ

ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಪಟ್ಟಿಯ (ನೋಟ್‌ಬುಕ್ಕಿನ) ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಳು: 10×10=100, 9×11=99, 8×12=96, 7×13=91, 6×14=84. ಪಕ್ಕದಲ್ಲಿ ಕೊರತೆ: 1, 4, 9, 16. ಕೆಳಗೆ ಇಪ್ಪತ್ತರಿಂದ ಶುರು ಮಾಡಿ ಅದನ್ನೇ ಮತ್ತೆ ನೋಡಿದ್ದಳು. ಅಲ್ಲೂ ಕೊರತೆ 1, 4, 9, 16. ಯಾರೂ ಹೇಳಿಕೊಟ್ಟದ್ದಲ್ಲ. ಮಗ್ಗಿ ಬಾಯಿಪಾಠ ಮಾಡುವಾಗ ಕಣ್ಣಿಗೆ ಬಿದ್ದದ್ದು.

ಆ ಪುಟ ನೋಡಿದ ದಿನದಿಂದ ಈವರೆಗೆ, ಐದು ವರ್ಷಗಳಲ್ಲಿ, ಇಂಥ ಮಗುವಿಗೆ ಸಿಗಬಹುದಾದ ದಾರಿಗಳನ್ನು ಒಂದೊಂದಾಗಿ ಹಿಡಿದು ನೋಡಿದ್ದೇವೆ. ನಮ್ಮದು ಶಿರಸಿ ತಾಲ್ಲೂಕಿನ ಒಳಹಳ್ಳಿ, ಒಂದೂವರೆ ಎಕರೆ ತೋಟದ ಮನೆ. ನಾನು ಹೋಲಿಸುತ್ತಿರುವುದು ಅಷ್ಟರಲ್ಲಿ ನಮಗೆ ಎಟುಕಿದ್ದನ್ನು ಮಾತ್ರ.

ಮೊದಲನೆಯದು ಶಾಲೆಯೊಳಗೇ ಸಿಕ್ಕಿತು. ಅವಳ ಅಕ್ಕೋರು, ಅಂದರೆ ಶಿಕ್ಷಕಿ, ಆ ಪುಟವನ್ನು ನೋಡಿ "ಯಾಕೆ ಹೀಗಾಗುತ್ತದೆ?" ಎಂದು ಕೇಳಿದರಂತೆ. ಮಾರನೆಯ ದಿನ ಮನೆಯಿಂದ ನೂರು ಗೋಟಡಿಕೆ ತರಲು ಹೇಳಿದರು. ಅಂದು ಅವಳನ್ನು ಕರೆತರಲು ಹೋದ ನಾನೂ ಬಾಗಿಲಲ್ಲಿ ನಿಂತು ನೋಡಿದೆ. ನೆಲದ ಮೇಲೆ ಹತ್ತು ಸಾಲು, ಸಾಲಿಗೆ ಹತ್ತು ಅಡಿಕೆ. ಕೆಳಗಿನ ಒಂದು ಸಾಲು ತೆಗೆದರೆ ಹತ್ತು ಅಡಿಕೆ ಕೈಗೆ ಬರುತ್ತದೆ. ಅದನ್ನು ಬದಿಗೆ ನಿಲ್ಲಿಸಲು ಹೋದರೆ ಒಂಬತ್ತಕ್ಕೆ ಮಾತ್ರ ಜಾಗ, ಒಂದು ಉಳಿಯುತ್ತದೆ. ಎರಡು ಸಾಲು ತೆಗೆದರೆ ಇಪ್ಪತ್ತು, ಬದಿಗೆ ಎಂಟೆಂಟರ ಎರಡು ಸಾಲಿಗೆ ಹದಿನಾರು ಸಾಕು, ನಾಲ್ಕು ಉಳಿಯುತ್ತದೆ. ಆ ನಾಲ್ಕನ್ನು ಎರಡೆರಡಾಗಿ ಜೋಡಿಸಿ "ಅಕ್ಕೋರೇ, ಉಳಿದದ್ದೂ ಚೌಕವೇ" ಎಂದವನು ನನ್ನ ಮಗಳಲ್ಲ. ನಮ್ಮ ತೋಟದ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಮಗ, ಉಕ್ತಲೇಖನದಲ್ಲಿ ಯಾವಾಗಲೂ ಹಿಂದೆ ಬೀಳುತ್ತಿದ್ದ ಹುಡುಗ. ಅಂಕ ನೋಡಿ ಆರಿಸಿದ್ದರೆ ಅವನು ಆ ಕೋಣೆಯಲ್ಲೇ ಇರುತ್ತಿರಲಿಲ್ಲ.

ವಾರಕ್ಕೆ ಎರಡು ದಿನ, ಒಂದೊಂದು ತಾಸು, ಐದು ಮಕ್ಕಳು. ಒಂದೂವರೆ ವರ್ಷ ನಡೆಯಿತು. ನಮಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಏಕೆಂದರೆ ಅಕ್ಕೋರು ತಮ್ಮ ಬಿಡುವಿನ ಹೊತ್ತನ್ನು ಕೊಟ್ಟಿದ್ದರು. ಅವರಿಗೆ ವರ್ಗಾವಣೆಯಾದಾಗ ಅದೂ ನಿಂತಿತು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕರು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಿತ್ತು. ಅವರನ್ನು ದೂರುವುದು ನ್ಯಾಯವಲ್ಲ.

ಎರಡನೆಯದು ನವೋದಯ, ಕೇಂದ್ರ ಸರ್ಕಾರದ ವಸತಿ ಶಾಲೆ. ಇದಕ್ಕೆ ನಾನು ಕೈಮುಗಿಯುತ್ತೇನೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ಈ ಶಾಲೆಗಳಲ್ಲಿ ಕನಿಷ್ಠ 75 ಪ್ರತಿಶತ ಸೀಟು ಹಳ್ಳಿಯ ಮಕ್ಕಳಿಗೇ ಮೀಸಲು. ಪ್ರತಿಭೆಯ ಮೇಲೆ ಸರ್ಕಾರದ ಹಣ ಹಾಕಲು ಸಾಧ್ಯ ಎಂಬುದಕ್ಕೆ ಮುಂಡಗೋಡದ ನವೋದಯವೇ ನಮ್ಮ ಜಿಲ್ಲೆಯ ಸಾಕ್ಷಿ. ಆದರೆ ಹನ್ನೆರಡು ತಾಲ್ಲೂಕಿಗೆ ಸೇರಿ ಆರನೇ ತರಗತಿಗೆ 80 ಸೀಟು. ಎರಡು ತಾಸು, 80 ಪ್ರಶ್ನೆ, ಐದನೇ ತರಗತಿಯಲ್ಲಿ ಒಮ್ಮೆ ಮಾತ್ರ ಬರೆಯುವ ಅವಕಾಶ. ಮಗಳ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಬಂದಿದ್ದರೂ ಹತ್ತು ವರ್ಷದ ಕೂಸನ್ನು ಹಾಸ್ಟೆಲಿಗೆ ಬಿಟ್ಟು ಬರುವುದು ಸುಲಭವಿರಲಿಲ್ಲ, ಆದರೂ ಬಿಡುತ್ತಿದ್ದೆವು. ನನ್ನ ಸಂಕಟ ಸೀಟು ತಪ್ಪಿದ್ದಕ್ಕಲ್ಲ. ಎಂಬತ್ತನೆಯ ಮಗುವಿಗೆ ಎಲ್ಲವೂ ಸಿಗುತ್ತದೆ, ಎಂಬತ್ತೊಂದನೆಯದಕ್ಕೆ ಏನೂ ಇಲ್ಲ. ಅದಕ್ಕೆ.

ಮೂರನೆಯದು ಪೇಟೆಯ ಕೋಚಿಂಗ್. ಆರನೇ ತರಗತಿಯ ವರ್ಷ, ಶನಿವಾರ ಮತ್ತು ಭಾನುವಾರ. ಶುಲ್ಕ 18,000 ರೂಪಾಯಿ, ಬಸ್ಸಿನ ಖರ್ಚು ಬೇರೆ. ಎರಡು ವರ್ಷ ಮುಂದಿನ ಪಾಠವನ್ನು ಬೇಗ ಬೇಗ ಮುಗಿಸಿದರು. ವೇಗ ಬಂತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ "ಯಾಕೆ" ಎಂದು ಕೇಳಿದರೆ "ಸೂತ್ರ ನೆನಪಿಟ್ಟುಕೋ" ಎಂಬ ಉತ್ತರ. ವರ್ಷದ ಕೊನೆಗೆ ಪಟ್ಟಿಯ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಎಲ್ಲವೂ ಖಾಲಿಯಾಗಿದ್ದವು. ಬಿಡಿಸಿಬಿಟ್ಟೆ. ಮುಂದಿನ ವರ್ಷ ಮೊಬೈಲಿನಲ್ಲಿ ಒಂದು ತರಗತಿಗೆ ಸೇರಿಸಿದ್ದೂ ಉಂಟು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಇರುವುದಿಲ್ಲ, ನೆಟ್‌ವರ್ಕಿನ ಮಾತೆಲ್ಲಿ?

ನಾಲ್ಕನೆಯದು ಎಂಟನೇ ತರಗತಿಯ ಎನ್‌ಎಂಎಂಎಸ್ ಪರೀಕ್ಷೆ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕಾಗಿ ಬರೆಯುವಂಥದ್ದು. ಇದರಲ್ಲಿ ಅವಳು ಪಾಸಾದಳು. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ನೇರವಾಗಿ ಖಾತೆಗೆ ಬರುತ್ತದೆ. ವರಮಾನ ಮೂರೂವರೆ ಲಕ್ಷ ಮೀರದ ಮನೆಯ ಮಕ್ಕಳು ಶಾಲೆ ಬಿಡದಿರಲಿ ಎಂದು ಮಾಡಿದ ಯೋಜನೆ. ಆ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ. ಆದರೆ ಹಣ ಬಂತು, ಕಲಿಸುವವರು ಬರಲಿಲ್ಲ.

ನಾಲ್ಕನ್ನೂ ಎದುರೆದುರು ಇಟ್ಟರೆ ನನಗೆ ಅನುಮಾನವೇ ಇಲ್ಲ. ನನ್ನ ಮಗಳು ಬೆಳೆದದ್ದು ಅಕ್ಕೋರ ಆ ವಾರದ ಎರಡು ತಾಸಿನಲ್ಲಿ. ಎಲ್ಲಕ್ಕಿಂತ ಕಡಿಮೆ ಖರ್ಚಿನ, ಮನೆ ಬಿಡಿಸದ, ಯಾರನ್ನೂ ಹೊರಗಿಡದ ದಾರಿ ಅದು. ಸರ್ಕಾರದ ಲೆಕ್ಕದಲ್ಲಿ ಅದಕ್ಕೊಂದು ಹೆಸರು, ಒಂದು ಹುದ್ದೆ, ಒಂದಿಷ್ಟು ಹಣ ಇರಲಿಲ್ಲವಾದ್ದರಿಂದ ಒಬ್ಬರ ವರ್ಗಾವಣೆಗೇ ಮುಗಿದುಹೋಯಿತು.

"ಜಾಣ ಮಕ್ಕಳು ಹೇಗೂ ಓದಿಕೊಳ್ಳುತ್ತಾರೆ, ಹಣ ಹಿಂದುಳಿದವರಿಗೆ ಹೋಗಲಿ" ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಹಿರಿಯರೊಬ್ಬರು ಹೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅನುಕೂಲವಿದ್ದವರು ಮಕ್ಕಳನ್ನು ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಿ ಓದಿಸುತ್ತಾರೆ. ಸರ್ಕಾರ ಕೈ ಬಿಟ್ಟರೆ ಜಾಣತನವೂ ದುಡ್ಡಿದ್ದವರ ಮನೆಯದ್ದೇ ಆಗುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಹೋಗುವ ಸಂಪನ್ಮೂಲ ಶಿಕ್ಷಕರು ಈಗಾಗಲೇ ಇದ್ದಾರೆ. ಅವರ ಹಣದಲ್ಲಿ ಒಂದು ಪೈಸೆಯನ್ನೂ ಮುಟ್ಟದೆ, ಅದೇ ಮಾದರಿಯಲ್ಲಿ ಕ್ಲಸ್ಟರಿಗೊಬ್ಬ (ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬ) ಗಣಿತ-ವಿಜ್ಞಾನ ಶಿಕ್ಷಕರು ಬೇಕು. ಶಾಲೆಗೆ ವಾರಕ್ಕೆ ಎರಡು ತಾಸು, ಓಡಾಟದ ಭತ್ಯೆ, ಪುಸ್ತಕಕ್ಕೆ ಸ್ವಲ್ಪ ಹಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವಿಶೇಷ ಪ್ರತಿಭೆಯ ಮಕ್ಕಳಿಗೆ ಬೆಂಬಲ ಬೇಕೆಂದು ಬರೆದಿದೆ. ಬರೆದದ್ದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು ಬರಲಿ. ಸಭೆಯ ನಡಾವಳಿಯಲ್ಲಿ ಇದನ್ನು ಬರೆಸಿ, ಶಿರಸಿಯ ಉಪನಿರ್ದೇಶಕರ ಕಚೇರಿಗೆ ಮನವಿ ಕೊಟ್ಟಿದ್ದೇವೆ.

ಕೊನೆಗೌಡನ ಮಗ ಎನ್‌ಎಂಎಂಎಸ್ ಪರೀಕ್ಷೆಯನ್ನು ಬರೆಯಲೇ ಇಲ್ಲ. ಅರ್ಜಿ ತುಂಬಿಸಬೇಕೆಂದು ಯಾರಿಗೂ ತೋಚಲಿಲ್ಲ, ನನಗೂ. ಈ ಸಲದ ಕೊನೆಕೊಯ್ಲಿನಲ್ಲಿ, ರಜೆಯ ದಿನ, ಅಪ್ಪನ ಜೊತೆ ನಮ್ಮ ತೋಟಕ್ಕೆ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಅಂಗಳದಲ್ಲಿ ಅವನೂ ನನ್ನ ಮಗಳೂ ಕೂತು, ಚೌಕದ ಬದಲು ಅಡಿಕೆಯನ್ನು ಗೋಪುರದ ಹಾಗೆ ಒಂದರ ಮೇಲೊಂದು ಏರಿಸಿದರೆ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದರು. "ಆಯೀ, ಸ್ವಲ್ಪ ತಡೆ, ಇನ್ನೊಂದು ಸಾಲು" ಎಂದಳು.